ಮೋಟರ್ ಟಕಟಕ ಎಂದು ಆನ್–ಆಫ್ ಆಗದಂತೆ ಟ್ಯಾಂಕ್ ಕಂಟ್ರೋಲರ್ ಕಟ್ಟುವುದು ಹೇಗೆ? ಹೈಬ್ರಿಡ್ ನಿಯಂತ್ರಣದ ಸಮಗ್ರ ಮಾರ್ಗದರ್ಶಿ

ಓವರ್‌ಹೆಡ್ ಟ್ಯಾಂಕಿಗೆ ಆಟೊಮ್ಯಾಟಿಕ್ ಕಂಟ್ರೋಲರ್ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಸೆನ್ಸರ್ ಸರಿಯಾಗಿಯೇ ಇರುತ್ತದೆ, ಪ್ರೋಗ್ರಾಂನಲ್ಲಿ ದೋಷ ಕಾಣುವುದಿಲ್ಲ, ಮೇಜಿನ ಮೇಲೆ ಎಲ್‌ಇಡಿ ಚೆನ್ನಾಗಿ ಉರಿದು ಆರುತ್ತದೆ. ಮೋಟರಿಗೆ ಜೋಡಿಸಿದ ಮೇಲೆ ಮಾತ್ರ ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಕೊಡುವ ದೊಡ್ಡ ವಿದ್ಯುತ್ ಸ್ವಿಚ್) ಬಡಿದುಕೊಳ್ಳತೊಡಗುತ್ತದೆ. ಇಲ್ಲವೇ ಸಂಪು ಖಾಲಿಯಾದಾಗ ಮೋಟರ್ ಒಣಗಿ ಓಡುತ್ತದೆ. ಇಲ್ಲವೇ ಕರೆಂಟು ಹೋಗಿ ಬಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕಂಟ್ರೋಲರ್ ಸುಮ್ಮನೆ ಕೂರುತ್ತದೆ.

ಇಲ್ಲಿ ಎರಡು ಬಗೆಯ ಚಲನೆ ಬೆರೆತಿದೆ. ನೀರಿನ ಮಟ್ಟ ಕ್ಷಣಕ್ಷಣಕ್ಕೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಮೋಟರ್ ಮಾತ್ರ ಆನ್ ಅಥವಾ ಆಫ್, ನಡುವೆ ಏನೂ ಇಲ್ಲ. ಇಂಥದ್ದನ್ನು ಹೈಬ್ರಿಡ್ ವ್ಯವಸ್ಥೆ ಎನ್ನುತ್ತಾರೆ. ತೊಂದರೆ ಸಾಮಾನ್ಯವಾಗಿ ಆನ್ ಸ್ಥಿತಿಯಲ್ಲೂ ಇರುವುದಿಲ್ಲ, ಆಫ್ ಸ್ಥಿತಿಯಲ್ಲೂ ಇರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಇರುತ್ತದೆ. ಆದ್ದರಿಂದ ಕೋಡ್ ಬರೆಯುವುದು ಕೊನೆಯ ಕೆಲಸ. ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಬೇಕಾದ ಸಾಮಗ್ರಿ

ಅಳತೆಪಟ್ಟಿ, ಗಡಿಯಾರ, ದೊಡ್ಡ ಹಾಳೆ, ಪೆನ್ಸಿಲ್. ಸಿಮ್ಯುಲೇಶನ್‌ಗೆ (ಕಂಪ್ಯೂಟರಿನಲ್ಲೇ ಓಡಿಸಿ ನೋಡಲು) ಪೈಥಾನ್ ಮತ್ತು ಅದರ ಗಣಿತದ ಲೈಬ್ರರಿ ಸೈಪೈ ಸಾಕು. ಕಾಲೇಜಿನಲ್ಲಿ ಸಿಮ್ಯುಲಿಂಕ್–ಸ್ಟೇಟ್‌ಫ್ಲೋ ಸಿಕ್ಕಿದರೆ ಅದೂ ಆದೀತು, ಹಣ ಕೊಡದೆ ಬೇಕೆಂದರೆ ಓಪನ್‌ಮಾಡೆಲಿಕಾ ಇದೆ. ಯಂತ್ರಾಂಶಕ್ಕೆ ಮೈಕ್ರೊಕಂಟ್ರೋಲರ್ (ಆರ್ಡುಯಿನೊದಂಥ ಬೋರ್ಡ್), ಮಟ್ಟ ಅಳೆಯುವ ಸೆನ್ಸರ್ ಎರಡು (ಒಂದು ಟ್ಯಾಂಕಿಗೆ, ಒಂದು ಸಂಪಿಗೆ), ರಿಲೇ, ಮೋಟರಿನ ಸಾಮರ್ಥ್ಯಕ್ಕೆ ತಕ್ಕ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಎಂಸಿಬಿ. ಕೈಯಿಂದ ನಡೆಸುವ ಸ್ವಿಚ್ ಒಂದು ಇರಲೇಬೇಕು.

ಹಂತ 1: ಮೊದಲು ಅಳೆಯಿರಿ

ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಮೋಟರ್ ಹಾಕಿ. ಐದು ನಿಮಿಷಕ್ಕೊಮ್ಮೆ ಟ್ಯಾಂಕಿನ ಮಟ್ಟ ಬರೆದುಕೊಳ್ಳಿ. ಏರಿದ ಎತ್ತರವನ್ನು ಟ್ಯಾಂಕಿನ ತಳದ ವಿಸ್ತೀರ್ಣದಿಂದ ಗುಣಿಸಿ, ಹಿಡಿದ ನಿಮಿಷಗಳಿಂದ ಭಾಗಿಸಿದರೆ ಪಂಪಿನ ನಿಜವಾದ ಹರಿವು ಸಿಗುತ್ತದೆ. ಮೋಟರಿನ ಮೇಲಿನ ತಗಡಿನಲ್ಲಿ ಅಚ್ಚಾದ ಸಂಖ್ಯೆಯನ್ನು ನಂಬಿ ಕೂರಬೇಡಿ. ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು, ಪೈಪು ಎಷ್ಟು ಸಪೂರ, ವೋಲ್ಟೇಜ್ ಎಷ್ಟಿದೆ ಎಂಬುದರ ಮೇಲೆ ಹರಿವು ಬಹಳ ಬದಲಾಗುತ್ತದೆ.

ಇಲ್ಲಿಂದ ಮುಂದೆ ಒಂದೇ ಉದಾಹರಣೆಯನ್ನು ಹಿಡಿದು ಹೋಗೋಣ. ತಳ 2 ಚದರ ಮೀಟರ್, ಎತ್ತರ 100 ಸೆಂ.ಮೀ. ಇರುವ 2000 ಲೀಟರಿನ ಟ್ಯಾಂಕು. ಪಂಪು ನಿಮಿಷಕ್ಕೆ 60 ಲೀಟರ್ ಎತ್ತುತ್ತದೆ, ಬಳಕೆ ಹೆಚ್ಚೆಂದರೆ ನಿಮಿಷಕ್ಕೆ 40 ಲೀಟರ್. ಯಾರೂ ನೀರು ಬಳಸದಿದ್ದರೆ ಮಟ್ಟ ನಿಮಿಷಕ್ಕೆ 3 ಸೆಂ.ಮೀ. ಏರುತ್ತದೆ. ಬಳಕೆ ಗರಿಷ್ಠವಿದ್ದರೆ ಏರಿಕೆ 1 ಸೆಂ.ಮೀ. ಮಾತ್ರ.

ಸೆನ್ಸರಿನ ಓಲಾಟವನ್ನೂ ಅಳೆಯಿರಿ, ಅದೂ ಮೋಟರ್ ಓಡುತ್ತಿರುವಾಗಲೇ. ಮೇಲಿನಿಂದ ನೀರು ಧುಮುಕುವಾಗ ಅಲೆ ಏಳುತ್ತದೆ. ಶಾಂತ ನೀರಿನಲ್ಲಿ ಒಂದೇ ಅಂಕಿ ತೋರಿಸುತ್ತಿದ್ದ ಸೆನ್ಸರ್ ಆಗ 2 ಸೆಂ.ಮೀ. ಮೇಲೆ ಕೆಳಗೆ ಕುಣಿಯಬಹುದು. ಟ್ಯಾಂಕಿನೊಳಗೆ ಪಿವಿಸಿ ಪೈಪೊಂದನ್ನು ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ನೀರು ನುಗ್ಗಲು ತೂತು, ಮೇಲೆ ಗಾಳಿ ಹೋಗಲು ತೂತು ಕೊರೆದು, ಸೆನ್ಸರನ್ನು ಅದರೊಳಗೆ ಇಟ್ಟರೆ ಓಲಾಟ ಬಹುಪಾಲು ಇಳಿಯುತ್ತದೆ. ಸಾಫ್ಟ್‌ವೇರ್ ಫಿಲ್ಟರಿಗಿಂತ ನಾನು ಇದನ್ನೇ ಮೊದಲು ಮಾಡಿ ಎನ್ನುತ್ತೇನೆ, ಏಕೆಂದರೆ ಫಿಲ್ಟರ್ ಹಾಕಿದಷ್ಟೂ ಓದು ತಡವಾಗುತ್ತದೆ.

ಹಂತ 2: ಮೋಡ್‌ಗಳ ಚಿತ್ರ ಬರೆಯಿರಿ

ಮೋಡ್ ಎಂದರೆ ವ್ಯವಸ್ಥೆ ಇರಬಹುದಾದ ಒಂದು ಸ್ಥಿತಿ. ಹಾಳೆಯ ಮೇಲೆ ಒಂದೊಂದು ಮೋಡಿಗೆ ಒಂದೊಂದು ವೃತ್ತ. ಬಹುತೇಕರು ಇಲ್ಲಿ ಎರಡೇ ವೃತ್ತ ಬರೆಯುತ್ತಾರೆ: ಆನ್, ಆಫ್. ಮುಂದಿನ ಎಲ್ಲ ಕಷ್ಟಗಳಿಗೂ ಮೂಲ ಇದೇ. ನಮ್ಮ ಉದಾಹರಣೆಗೆ ಐದು ಬೇಕು.

ಕಾಯುವಿಕೆ: ಮೋಟರ್ ಆಫ್, ಮಟ್ಟ ಇಳಿಯುವುದನ್ನೇ ನೋಡುತ್ತಿದೆ.
ತುಂಬುವಿಕೆ: ಮೋಟರ್ ಆನ್.
ಬಿಡುವು: ಮೋಟರ್ ಈಗಷ್ಟೇ ನಿಂತಿದೆ, ಇಷ್ಟು ಹೊತ್ತು ಮತ್ತೆ ಹಾಕುವಂತಿಲ್ಲ.
ಸಂಪು ಖಾಲಿ: ಮೇಲೆ ನೀರು ಬೇಕು, ಕೆಳಗೆ ಇಲ್ಲ.
ದೋಷ: ಮೋಟರ್ ಓಡಿದರೂ ನೀರು ಏರಲಿಲ್ಲ, ಮನುಷ್ಯರು ಬಂದು ನೋಡಬೇಕು.

ಇವುಗಳಲ್ಲಿ ನಾಲ್ಕರಲ್ಲಿ ಮೋಟರ್ ಆಫ್, ನೀರಿನ ಮಟ್ಟದ ಸಮೀಕರಣವೂ ಒಂದೇ: ಇಳಿಕೆಯ ವೇಗ ಎಂದರೆ ಬಳಕೆಯನ್ನು ತಳದ ವಿಸ್ತೀರ್ಣದಿಂದ ಭಾಗಿಸಿದ್ದು. ಹಾಗಿದ್ದರೂ ಇವು ಬೇರೆ ಬೇರೆ ಮೋಡ್‌ಗಳೇ, ಏಕೆಂದರೆ ಪ್ರತಿಯೊಂದರಿಂದ ಹೊರಬರುವ ದಾರಿ ಬೇರೆ. ಎರಡು ಸ್ಥಿತಿಗಳಲ್ಲಿ ಮೋಟರ್ ಒಂದೇ ರೀತಿ ಇದೆ ಎಂದು ಅವನ್ನು ಒಂದೇ ವೃತ್ತದೊಳಗೆ ಸೇರಿಸಬೇಡಿ. ಮುಂದೆ ಏನಾಗಬಹುದು ಎಂಬುದು ಬೇರೆಯಾದರೆ ವೃತ್ತವೂ ಬೇರೆ.

ಹಂತ 3: ದಾಟುವ ಷರತ್ತು, ಇರುವ ಷರತ್ತು, ರೀಸೆಟ್

ಒಂದು ವೃತ್ತದಿಂದ ಇನ್ನೊಂದಕ್ಕೆ ದಾಟುವ ದಾರಿಗೆಲ್ಲ ಬಾಣ ಎಳೆದು, ಪ್ರತಿ ಬಾಣದ ಮೇಲೆ ಎರಡು ಸಂಗತಿ ಬರೆಯಿರಿ: ಯಾವಾಗ ದಾಟಬಹುದು (ಗಾರ್ಡ್), ದಾಟಿದ ಕೂಡಲೇ ಯಾವುದನ್ನು ಹೊಸದಾಗಿ ಆರಂಭಿಸಬೇಕು (ರೀಸೆಟ್). ಪ್ರತಿ ವೃತ್ತದೊಳಗೆ ಇನ್ನೊಂದು: ಯಾವ ಷರತ್ತು ಇರುವವರೆಗೆ ಇದೇ ಮೋಡಿನಲ್ಲಿ ಇರಬಹುದು. ಈ ಕೊನೆಯದನ್ನು ಬರೆಯುವವರು ಅಪರೂಪ.

ಉದಾಹರಣೆಯಲ್ಲಿ ಹೀಗೆ ಬರೆಯೋಣ. ಟ್ಯಾಂಕಿನ ಮಟ್ಟ 30 ಸೆಂ.ಮೀ.ಗೆ ಇಳಿದು, ಸಂಪಿನಲ್ಲಿ 40 ಸೆಂ.ಮೀ. ಅಥವಾ ಹೆಚ್ಚು ನೀರಿದ್ದರೆ ಕಾಯುವಿಕೆಯಿಂದ ತುಂಬುವಿಕೆಗೆ. ಮಟ್ಟ 90 ಮುಟ್ಟಿದರೆ ತುಂಬುವಿಕೆಯಿಂದ ಬಿಡುವಿಗೆ. ತುಂಬುವಾಗ ಸಂಪು 15ಕ್ಕೆ ಇಳಿದರೆ ‘ಸಂಪು ಖಾಲಿ’ಗೆ, ಸಂಪು 40ಕ್ಕೆ ಏರಿದಾಗ ಅಲ್ಲಿಂದ ಬಿಡುವಿಗೆ. ಬಿಡುವಿನ ಟೈಮರ್ 5 ನಿಮಿಷ ಮುಗಿದರೆ ಕಾಯುವಿಕೆಗೆ. ತುಂಬುವಿಕೆ ಶುರುವಾಗಿ 5 ನಿಮಿಷವಾದರೂ ಮಟ್ಟ 3 ಸೆಂ.ಮೀ. ಕೂಡ ಏರದಿದ್ದರೆ ದೋಷಕ್ಕೆ (ಬಳಕೆ ಗರಿಷ್ಠವಿದ್ದರೂ 5 ಸೆಂ.ಮೀ. ಏರಬೇಕಿತ್ತು). ದೋಷದಿಂದ ಹೊರಗೆ ಬರುವ ದಾರಿ ಒಂದೇ, ಗುಂಡಿ ಒತ್ತುವುದು.

ಈಗ ಚಿತ್ರವನ್ನು ಅನುಮಾನದಿಂದ ನೋಡಿ. ಟ್ಯಾಂಕಿನ ಮಟ್ಟ 30ಕ್ಕೆ ಇಳಿದಿದೆ, ಸಂಪಿನಲ್ಲಿ 25 ಇದೆ. ‘ಮಟ್ಟ 30ಕ್ಕಿಂತ ಮೇಲಿರುವವರೆಗೆ ಕಾಯುವಿಕೆಯಲ್ಲಿ ಇರಬಹುದು’ ಎಂದು ಬರೆದಿದ್ದರೆ ಇಲ್ಲಿ ಇರುವಂತಿಲ್ಲ. ತುಂಬುವಿಕೆಗೆ ದಾಟಲು ಸಂಪು 40 ಇರಬೇಕು, ಆದ್ದರಿಂದ ದಾಟುವಂತೆಯೂ ಇಲ್ಲ. ಕಂಟ್ರೋಲರ್ ಸಿಕ್ಕಿಬಿದ್ದಿತು. ಮಾದರಿಯಲ್ಲಿ ಸಿಮ್ಯುಲೇಶನ್ ಅಲ್ಲಿಗೇ ನಿಲ್ಲುತ್ತದೆ. ಮನೆಯಲ್ಲಾದರೆ ‘ಯಾಕೋ ಕೆಲಸ ಮಾಡುತ್ತಿಲ್ಲ’ ಎಂಬ ದೂರು. ಪರಿಹಾರ ಒಂದು ಬಾಣ: ಮಟ್ಟ 30ಕ್ಕೆ ಇಳಿದು ಸಂಪು 40ಕ್ಕಿಂತ ಕಡಿಮೆ ಇದ್ದರೆ ಕಾಯುವಿಕೆಯಿಂದ ನೇರವಾಗಿ ‘ಸಂಪು ಖಾಲಿ’ಗೆ. ಪ್ರತಿ ವೃತ್ತದ ಮೇಲೂ ಬೆರಳಿಟ್ಟು ಇದೇ ಪ್ರಶ್ನೆ ಕೇಳಿ: ಇರುವ ಷರತ್ತು ಮುರಿದ ಕ್ಷಣದಲ್ಲಿ ಹೊರಡಲು ಒಂದಾದರೂ ಬಾಣ ತೆರೆದಿದೆಯೇ?

ಎರಡು ಬಾಣ ಒಟ್ಟಿಗೆ ತೆರೆದರೆ ಯಾವುದು ಮೊದಲು ಎಂಬುದನ್ನೂ ಬರೆದಿಡಿ. ದೋಷ ಮೊದಲು, ಸಂಪು ಎರಡನೆಯದು, ಟ್ಯಾಂಕ್ ತುಂಬಿದ್ದು ಕೊನೆಗೆ. ಬರೆಯದೆ ಬಿಟ್ಟರೆ ಕೋಡಿನಲ್ಲಿ ಯಾವ ಸಾಲು ಮೇಲಿದೆಯೋ ಅದೇ ತೀರ್ಮಾನ ಮಾಡುತ್ತದೆ.

ಹಂತ 4: ಆನ್ ಮಟ್ಟಕ್ಕೂ ಆಫ್ ಮಟ್ಟಕ್ಕೂ ನಡುವಿನ ಅಂತರ

‘50 ಸೆಂ.ಮೀ.ಗಿಂತ ಕಡಿಮೆಯಾದರೆ ಆನ್, ಹೆಚ್ಚಾದರೆ ಆಫ್’ ಎಂಬ ಒಂದೇ ಗೆರೆಯ ನಿಯಮವನ್ನು ಎಂದೂ ಬಳಸಬೇಡಿ. ಗೆರೆಯ ಬಳಿ ಅಲೆ ಎದ್ದರೆ ಸಾಕು, ಮೋಟರ್ ಸೆಕೆಂಡಿಗೊಮ್ಮೆ ಹೊತ್ತಿ ಆರುತ್ತದೆ. ಎರಡು ಗೆರೆ ಬೇಕು. ಅವುಗಳ ನಡುವಿನ ಅಂತರವನ್ನು ಅಂದಾಜಿನಲ್ಲಿ ಇಡದೆ ಲೆಕ್ಕ ಹಾಕಿ ಇಡಬಹುದು.

ಒಂದು ಸುತ್ತು ಎಂದರೆ ತುಂಬುವ ಸಮಯ ಮತ್ತು ಖಾಲಿಯಾಗುವ ಸಮಯ ಸೇರಿದ್ದು. ಬಳಕೆ ತೀರಾ ಕಡಿಮೆಯಾದರೆ ಖಾಲಿಯಾಗಲು ಬಹಳ ಹೊತ್ತು. ಬಳಕೆ ಪಂಪಿನ ಹರಿವಿನ ಹತ್ತಿರ ಬಂದರೆ ತುಂಬಲು ಬಹಳ ಹೊತ್ತು. ಸುತ್ತು ಅತಿ ಚಿಕ್ಕದಾಗುವುದು ಬಳಕೆ ಪಂಪಿನ ಹರಿವಿನ ಸರಿ ಅರ್ಧ ಇದ್ದಾಗ. ಆಗ ಸಿಗುವ ಸೂತ್ರ:

ಅತಿ ಚಿಕ್ಕ ಸುತ್ತು (ನಿಮಿಷ) = 4 × ಎರಡು ಗೆರೆಗಳ ನಡುವಿನ ನೀರು (ಲೀಟರ್) ÷ ಪಂಪಿನ ಹರಿವು (ನಿಮಿಷಕ್ಕೆ ಲೀಟರ್)

ಅಂತರ 2 ಸೆಂ.ಮೀ. ಇಟ್ಟರೆ ನಡುವಿನ ನೀರು 40 ಲೀಟರ್. ಸುತ್ತು 160 ÷ 60, ಅಂದರೆ 2 ನಿಮಿಷ 40 ಸೆಕೆಂಡ್. ಗಂಟೆಗೆ ಇಪ್ಪತ್ತೆರಡಕ್ಕೂ ಹೆಚ್ಚು ಸಲ ಮೋಟರ್ ಹೊತ್ತುತ್ತದೆ! ನೇರವಾಗಿ ಹೊತ್ತಿಸುವ ಸ್ಟಾರ್ಟರಿನಲ್ಲಿ ಪ್ರತಿ ಸಲವೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ವೈಂಡಿಂಗ್ ಬಿಸಿಯಾಗಿ ಸುಡುವುದು ಹೀಗೆಯೇ. ನಮ್ಮ 30–90ರ ಗೆರೆಗಳ ನಡುವೆ 1200 ಲೀಟರ್ ಇದೆ, ಅತಿ ಚಿಕ್ಕ ಸುತ್ತು 80 ನಿಮಿಷ.

ಗಂಟೆಗೆ ಎಷ್ಟು ಸಲ ಹೊತ್ತಿಸಬಹುದು ಎಂಬುದು ಮೋಟರಿನ ಜೊತೆ ಬಂದ ಕೈಪಿಡಿಯಲ್ಲಿ ಇರುತ್ತದೆ. ಆರು ಸಲ ಎಂದಿದ್ದರೆ ಸುತ್ತು 10 ನಿಮಿಷಕ್ಕಿಂತ ಚಿಕ್ಕದಾಗಬಾರದು. ಸೂತ್ರವನ್ನು ತಿರುಗಿಸಿದರೆ ಕನಿಷ್ಠ 150 ಲೀಟರ್, ಅಂದರೆ 7.5 ಸೆಂ.ಮೀ. ಅಂತರ. ಇದರ ಜೊತೆಗೆ ಅಂತರವು ಸೆನ್ಸರಿನ ಪೂರ್ತಿ ಓಲಾಟದ ಎರಡು ಪಟ್ಟಾದರೂ ಇರಲಿ.

ಇದೇ ಲೆಕ್ಕ ಸಂಪಿಗೂ ಅನ್ವಯಿಸುತ್ತದೆ, ಮತ್ತು ಮರೆಯುವುದು ಇಲ್ಲೇ. ಟ್ಯಾಂಕಿಗೆ ಎರಡು ಗೆರೆ ಇಟ್ಟವರೇ ಸಂಪಿಗೆ ಒಂದೇ ಫ್ಲೋಟ್ ಸ್ವಿಚ್ ಇಡುತ್ತಾರೆ. ಕೊಳಾಯಿ ನೀರು ಸಂಪಿಗೆ ನಿಧಾನವಾಗಿ ಬರುತ್ತಿರುವಾಗ ಪಂಪು ಅದನ್ನು ಕ್ಷಣದಲ್ಲಿ ಎಳೆದು ನಿಲ್ಲುತ್ತದೆ, ಒಂದಿಂಚು ಏರಿದರೆ ಮತ್ತೆ ಎಳೆಯುತ್ತದೆ. ಸಂಪಿನ ತಳ 3 ಚದರ ಮೀಟರ್ ಆಗಿದ್ದರೆ 1 ಸೆಂ.ಮೀ. ಅಂತರದಲ್ಲಿ 30 ಲೀಟರ್; ಸುತ್ತು ಎರಡೇ ನಿಮಿಷ. 15–40ರ ಗೆರೆಗಳಲ್ಲಿ ಅದು 50 ನಿಮಿಷವಾಗುತ್ತದೆ.

ಹಂತ 5: ಟೈಮರ್‌ಗಳು, ಕರೆಂಟು ಹೋಗಿ ಬರುವುದು

ಟೈಮರನ್ನು ಮಟ್ಟದಂತೆಯೇ ನಿರಂತರವಾಗಿ ಬದಲಾಗುವ ರಾಶಿ ಎಂದು ಚಿತ್ರದಲ್ಲಿ ಸೇರಿಸಿ: ಸೆಕೆಂಡಿಗೆ ಒಂದರಂತೆ ಏರುತ್ತದೆ, ಬಾಣ ದಾಟಿದಾಗ ಸೊನ್ನೆಗೆ ಮರಳುತ್ತದೆ. ಹೀಗೆ ಮಾಡಿದರೆ ಟೈಮರ್ ಯಾವ ಬಾಣದಲ್ಲಿ ರೀಸೆಟ್ ಆಗಬೇಕು ಎಂಬುದು ಕಣ್ಣಿಗೆ ಕಾಣುತ್ತದೆ.

‘ಕನಿಷ್ಠ ಆಫ್ ಸಮಯ’ವನ್ನು ಯಾವ ಕಾರಣಕ್ಕೂ ಮುರಿಯಬಾರದು. ಮೋಟರ್ ತಣಿಯಬೇಕು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಆದರೆ ಇನ್ನೊಂದು ಕಾರಣವೂ ಉಂಟು: ವಾಲ್ವ್ ಸರಿಯಿಲ್ಲದಿದ್ದರೆ ಪೈಪಿನ ನೀರು ಕೆಳಗಿಳಿಯುವಾಗ ಪಂಪು ಹಿಮ್ಮುಖವಾಗಿ ತಿರುಗುತ್ತದೆ, ಆಗ ಹೊತ್ತಿಸಿದರೆ ಶಾಫ್ಟಿಗೆ ಪೆಟ್ಟು. ‘ಕನಿಷ್ಠ ಆನ್ ಸಮಯ’ದ ವಿಷಯ ತದ್ವಿರುದ್ಧ. ಟ್ಯಾಂಕು 88 ಸೆಂ.ಮೀ. ಇದ್ದಾಗ ಯಾರೋ ಕೈಯಿಂದ ಮೋಟರ್ ಹಾಕಿದರು, ಕನಿಷ್ಠ ಆನ್ ಸಮಯ 5 ನಿಮಿಷ ಎಂದಿದೆ. ಮಟ್ಟ 15 ಸೆಂ.ಮೀ. ಏರಿ ನೀರು ಹೊರಚೆಲ್ಲುತ್ತದೆ. ಸುರಕ್ಷತೆಯ ಬಾಣಗಳು ಕನಿಷ್ಠ ಆನ್ ಸಮಯವನ್ನು ಮೀರಿ ದಾಟುವಂತಿರಲಿ.

ಕೋಡಿನಲ್ಲಿ ಎರಡು ಎಚ್ಚರಿಕೆ. ಕಾಯಲು ಆರ್ಡುಯಿನೊದ ‘ಡಿಲೇ’ ಬಳಸಬೇಡಿ. ಆ ಹೊತ್ತಿನಲ್ಲಿ ಟ್ಯಾಂಕು ತುಂಬಿದ್ದೂ ಅದಕ್ಕೆ ತಿಳಿಯುವುದಿಲ್ಲ. ಅದರ ‘ಮಿಲಿಸ್’ ಗಡಿಯಾರ ಸುಮಾರು 50 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಈಗಿನ ಸಮಯದಿಂದ ಆರಂಭದ ಸಮಯವನ್ನು ಚಿಹ್ನೆಯಿಲ್ಲದ (ಅನ್‌ಸೈನ್ಡ್) ಸಂಖ್ಯೆಯಾಗಿ ಕಳೆದು ಹೋಲಿಸಿದರೆ ತೊಂದರೆಯಿಲ್ಲ. ಆರಂಭಕ್ಕೆ 5 ನಿಮಿಷ ಕೂಡಿಸಿ ಹೋಲಿಸಿದರೆ ಒಂದು ದಿನ ಕೈಕೊಡುತ್ತದೆ.

ಕರೆಂಟು ಬಂದಾಗ ಯಾವ ಮೋಡಿನಿಂದ ಆರಂಭ? ಮಟ್ಟ 60 ಇದ್ದರೆ ಅದು ತುಂಬುತ್ತಿತ್ತೋ ಇಳಿಯುತ್ತಿತ್ತೋ ಕಂಟ್ರೋಲರಿಗೆ ನೆನಪಿಲ್ಲ. ನನ್ನ ಸಲಹೆ: ಯಾವಾಗಲೂ ಬಿಡುವಿನಿಂದ, ಟೈಮರ್ ಸೊನ್ನೆಯಿಂದ ಆರಂಭಿಸಿ. ವೋಲ್ಟೇಜ್ ನೆಲೆಗೊಳ್ಳಲು ಸಮಯ ಸಿಗುತ್ತದೆ, ಮಿಣಮಿಣ ಎಂದು ಕರೆಂಟು ಹೋಗಿ ಬಂದರೂ ಮೋಟರ್ ಬಚಾವು. ದಿನಕ್ಕೆ ಕೆಲವೇ ಗಂಟೆ ತ್ರೀಫೇಸ್ ಬರುವ ನಮ್ಮ ಹಳ್ಳಿಗಳ ತೋಟದ ಪಂಪಿಗೆ ಇನ್ನೊಂದು ಬಾಣ ಸೇರಿಸಿ: ಕರೆಂಟು ಬಂದ ನಂತರದ ಬಿಡುವು ಮುಗಿದಾಗ ಮಟ್ಟ 80ಕ್ಕಿಂತ ಕಡಿಮೆ ಇದ್ದು ಸಂಪಿನಲ್ಲೋ ಬಾವಿಯಲ್ಲೋ ನೀರಿದ್ದರೆ ನೇರ ತುಂಬುವಿಕೆಗೆ. ಮಟ್ಟ 30ಕ್ಕೆ ಇಳಿಯಲಿ ಎಂದು ಕಾದರೆ ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ.

ಹಂತ 6: ಸಿಮ್ಯುಲೇಶನ್

ಪ್ರತಿ ಮೋಡಿಗೂ ಅದರದೇ ಸಮೀಕರಣ ಬರೆದು, ಗಾರ್ಡ್ ಮುಟ್ಟುವವರೆಗೆ ಓಡಿಸಿ, ನಿಲ್ಲಿಸಿ, ರೀಸೆಟ್ ಮಾಡಿ, ಹೊಸ ಮೋಡಿನಲ್ಲಿ ಮತ್ತೆ ಓಡಿಸಿ. ಎಲ್ಲವನ್ನೂ ಒಂದೇ ಸಮೀಕರಣದೊಳಗೆ ‘ಇಫ್’ ಹಾಕಿ ತುರುಕಬೇಡಿ. ಸಾಲ್ವರ್‌ಗಳು (ಸಮೀಕರಣ ಬಿಡಿಸುವ ಪ್ರೋಗ್ರಾಂಗಳು) ಸಮೀಕರಣ ನಯವಾಗಿದೆ ಎಂದು ನಂಬಿ ಹೆಜ್ಜೆ ಇಡುತ್ತವೆ. ನಡುವೆ ಥಟ್ಟನೆ ಬದಲಾದರೆ ಹೆಜ್ಜೆ ತೀರಾ ಚಿಕ್ಕದಾಗಿ ತೆವಳುತ್ತವೆ, ಇಲ್ಲವೇ ತಪ್ಪು ಉತ್ತರ ಕೊಡುತ್ತವೆ.

ಸೈಪೈನ ‘ಸಾಲ್ವ್_ಐವಿಪಿ’ಯಲ್ಲಿ ಪ್ರತಿ ಗಾರ್ಡನ್ನೂ ಈವೆಂಟ್ ಎಂದು ಕೊಟ್ಟು ‘ಟರ್ಮಿನಲ್’ ಅನ್ನು ‘ಟ್ರೂ’ ಮಾಡಿ. ‘ಡೈರೆಕ್ಷನ್’ ಕೊಡುವುದನ್ನು ಮರೆಯಬೇಡಿ. ಗೆರೆಯ ಮೇಲೆಯೇ ನಿಂತು ಮತ್ತೆ ಓಡಿಸಿದಾಗ, ದಿಕ್ಕು ಹೇಳದಿದ್ದರೆ ಗೆರೆಯಿಂದ ದೂರ ಸರಿಯುವುದನ್ನೂ ದಾಟಿದಂತೆ ಎಣಿಸಿ ಅಲ್ಲೇ ನಿಲ್ಲಬಹುದು. ಈವೆಂಟ್ ಪತ್ತೆಯಾಗುವುದು ಹೆಜ್ಜೆಯ ಎರಡು ತುದಿಗಳ ನಡುವೆ ಚಿಹ್ನೆ ಬದಲಾದಾಗ ಮಾತ್ರ. ಒಂದೇ ಹೆಜ್ಜೆಯೊಳಗೆ ಗೆರೆಯನ್ನು ದಾಟಿ ಮತ್ತೆ ಹಿಂದೆ ಬಂದಿದ್ದರೆ ಅದು ಕಾಣುವುದೇ ಇಲ್ಲ. ಆದ್ದರಿಂದ ‘ಮ್ಯಾಕ್ಸ್_ಸ್ಟೆಪ್’ (ಹೆಜ್ಜೆಯ ಗರಿಷ್ಠ ಉದ್ದ) ಅನ್ನು ನೀವೇ ನಿಗದಿ ಮಾಡಿ.

ಹಂತ 7: ಎಣಿಕೆಯಿಲ್ಲದ ದಾಟುವಿಕೆ ಇದೆಯೇ ನೋಡಿ

ಎರಡು ಓವರ್‌ಹೆಡ್ ಟ್ಯಾಂಕಿಗೆ ಒಂದೇ ಪಂಪು, ನಡುವೆ ತಿರುಗಿಸುವ ವಾಲ್ವ್ ಇರುವ ಕಡೆ ಈ ಕಾಯಿಲೆ ಬರುತ್ತದೆ. ನಿಯಮ ಸರಳ: ಯಾವ ಟ್ಯಾಂಕು ಕೆಳಗೆರೆ ಮುಟ್ಟುತ್ತದೋ ಅದಕ್ಕೆ ನೀರು ತಿರುಗಿಸು. ಪಂಪು ನಿಮಿಷಕ್ಕೆ 60 ಲೀಟರ್, ಎರಡೂ ಟ್ಯಾಂಕಿನ ಬಳಕೆ ತಲಾ 40. ಎರಡರಲ್ಲೂ ಕೆಳಗೆರೆಯ ಮೇಲೆ 200 ಲೀಟರ್ ಇದೆ, ನೀರು ಮೊದಲನೆಯದಕ್ಕೆ ಹೋಗುತ್ತಿದೆ.

5 ನಿಮಿಷಕ್ಕೆ ಎರಡನೆಯದು ಗೆರೆ ಮುಟ್ಟಿತು, ಆಗ ಮೊದಲನೆಯದರಲ್ಲಿ 300. ವಾಲ್ವ್ ತಿರುಗಿತು. ಅಲ್ಲಿಂದ 7.5 ನಿಮಿಷಕ್ಕೆ ಮೊದಲನೆಯದು ಗೆರೆ ಮುಟ್ಟಿತು, ಎರಡನೆಯದರಲ್ಲಿ 150. ಮುಂದಿನ ಸರದಿ 3.75 ನಿಮಿಷ, ಆಮೇಲೆ 1.875, ಆಮೇಲೆ ಅದರ ಅರ್ಧ, ಅದರ ಅರ್ಧ. ಇವನ್ನೆಲ್ಲ ಕೂಡಿದರೆ 20 ನಿಮಿಷ. 20ನೇ ನಿಮಿಷದೊಳಗೆ ವಾಲ್ವ್ ಲೆಕ್ಕವಿಲ್ಲದಷ್ಟು ಸಲ ತಿರುಗಬೇಕು. ಇದಕ್ಕೆ ಝೀನೊ ವರ್ತನೆ ಎಂದು ಹೆಸರು.

ಲಕ್ಷಣ ಹೀಗಿರುತ್ತದೆ: ಸಿಮ್ಯುಲೇಶನ್ 19.9, 19.99 ಎಂದು ಹೋಗಿ 20ನ್ನು ದಾಟುವುದೇ ಇಲ್ಲ, ಕಂಪ್ಯೂಟರಿನ ಫ್ಯಾನ್ ಮಾತ್ರ ಜೋರಾಗುತ್ತದೆ. ‘ಸಾಲ್ವರ್ ಸರಿಯಿಲ್ಲ’ ಎಂದು ಬೇರೆ ಸಾಲ್ವರ್ ಹುಡುಕುವವರಿದ್ದಾರೆ. ದೋಷ ಸಾಲ್ವರಿನದ್ದಲ್ಲ. ಬರುವುದು 60, ಹೋಗುವುದು 80. ಒಟ್ಟು 400 ಲೀಟರ್ ಉಳಿತಾಯ ನಿಮಿಷಕ್ಕೆ 20ರಂತೆ ಕರಗಿದರೆ 20 ನಿಮಿಷಕ್ಕೆ ಮುಗಿಯಲೇಬೇಕು. ವಾಲ್ವಿಗೆ ಕನಿಷ್ಠ ಸಮಯ ಹಾಕಿದರೆ ಸಿಮ್ಯುಲೇಶನ್ ಮುಂದೆ ಹೋಗುತ್ತದೆ, ಟ್ಯಾಂಕು ಮಾತ್ರ ಗೆರೆಯ ಕೆಳಗೆ ಇಳಿಯುತ್ತದೆ. ಯಾವ ಜಾಣ ನಿಯಮವೂ ಇಲ್ಲದ ನೀರನ್ನು ತರಲಾರದು. ‘ಕೊರತೆ’ ಎಂಬ ಆರನೆಯ ಮೋಡ್ ಬರೆದು, ಅಲ್ಲಿ ಒಂದು ಟ್ಯಾಂಕಿನ ಬಳಕೆಯನ್ನು ಕಡಿತ ಮಾಡುವುದೇ ಸರಿಯಾದ ದಾರಿ.

ಹಂತ 8: ಮೋಡಿನೊಳಗೆ ಪಿಐಡಿ ಇದ್ದರೆ

ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಹಾಕಿ ಒತ್ತಡ ಕಾಯುವ ಪಂಪುಗಳಿಗೆ ಈ ಹಂತ. ಬರೀ ಆನ್–ಆಫ್ ಆದರೆ ಮುಂದಕ್ಕೆ ಹೋಗಿ. ಬೇಕಾದ ಒತ್ತಡಕ್ಕೂ ಇರುವ ಒತ್ತಡಕ್ಕೂ ನಡುವಿನ ವ್ಯತ್ಯಾಸ ನೋಡಿ ವೇಗ ತಿದ್ದುವ ಲೆಕ್ಕವೇ ಪಿಐಡಿ. ಪಂಪು ನಿಂತಿರುವಾಗಲೂ ಪಿಐಡಿ ಲೆಕ್ಕ ಮಾಡುತ್ತಿದ್ದರೆ ಅದರ ಇಂಟಿಗ್ರಲ್ ಭಾಗ (ವ್ಯತ್ಯಾಸವನ್ನು ಕೂಡಿಸುತ್ತ ಹೋಗುವ ಭಾಗ) ಬೆಳೆಯುತ್ತಲೇ ಇರುತ್ತದೆ. ಆನ್ ಆದ ಕೂಡಲೇ ಪಂಪು ಪೂರ್ತಿ ವೇಗಕ್ಕೆ ಹಾರುತ್ತದೆ, ಪೈಪು ಧಡ್ ಎನ್ನುತ್ತದೆ. ಆನ್ ಆಗುವ ಬಾಣದ ಮೇಲೆ ಇಂಟಿಗ್ರಲ್ ರೀಸೆಟ್ ಬರೆಯಿರಿ.

ಎರಡು ಮೋಡ್‌ಗಳಲ್ಲಿ ಎರಡು ಬಗೆಯ ಟ್ಯೂನಿಂಗ್ ಇದ್ದರೆ ‘ಎರಡೂ ಸ್ಥಿರವಾಗಿವೆ, ಆದ್ದರಿಂದ ಒಟ್ಟೂ ಸ್ಥಿರ’ ಎಂದುಕೊಳ್ಳಬೇಡಿ. ಅದು ತಪ್ಪು, ಮತ್ತು ಕಾಗದದ ಮೇಲೆಯೇ ತೋರಿಸಬಹುದು. ಒಂದೊಂದು ಮೋಡಿನ ಸಮೀಕರಣವನ್ನು ಒಂದೊಂದು ಮ್ಯಾಟ್ರಿಕ್ಸ್ ಆಗಿ ಬರೆಯೋಣ. ಮೊದಲ ಮ್ಯಾಟ್ರಿಕ್ಸಿನ ಸಾಲುಗಳು (−1, 10) ಮತ್ತು (−100, −1). ಎರಡನೆಯದರವು (−1, 100) ಮತ್ತು (−10, −1). ಎರಡೂ ಒಂಟಿಯಾಗಿ ಸುರುಳಿ ಸುತ್ತುತ್ತ ಸೊನ್ನೆಗೆ ಇಳಿಯುತ್ತವೆ. ಒಂದನೇ ಮತ್ತು ಮೂರನೇ ಚತುರ್ಥಕದಲ್ಲಿ ಎರಡನೆಯದನ್ನು, ಉಳಿದೆರಡರಲ್ಲಿ ಮೊದಲನೆಯದನ್ನು ಬಳಸಿದರೆ ಪ್ರತಿ ಕಾಲು ಸುತ್ತಿಗೂ ದೂರ ಸುಮಾರು ಮೂರು ಪಟ್ಟು ಬೆಳೆಯುತ್ತದೆ. ಒಂದೊಂದು ಮೋಡಿನಲ್ಲೂ ಸಾಕಷ್ಟು ಹೊತ್ತು ಉಳಿದು, ಕಂಪನ ತಗ್ಗಿದ ಮೇಲೆ ದಾಟುವಂತೆ ಮಾಡುವುದು ಸುಲಭದ ಕಾಪು.

ಹಂತ 9: ಅತಿ ಕೆಟ್ಟ ಸಂದರ್ಭದ ಲೆಕ್ಕ

ಸಿಮ್ಯುಲೇಶನ್ ಎಷ್ಟು ಸಲ ಓಡಿಸಿದರೂ ಅದು ಓಡಿಸಿದ ಸಂದರ್ಭಗಳಿಗೆ ಮಾತ್ರ ಸಾಕ್ಷಿ. ಟ್ಯಾಂಕು ಉಕ್ಕುವುದಿಲ್ಲ ಎಂದು ಖಾತ್ರಿಯಾಗಲು ಮೇಲ್ಮಿತಿ ಕೂಡಿಸಿ: ಆಫ್ ಗೆರೆ 90, ಸೆನ್ಸರ್ ದೋಷ 2, ಫಿಲ್ಟರ್ ಮತ್ತು ಕಾಂಟ್ಯಾಕ್ಟರ್ ಸೇರಿ ಅರ್ಧ ನಿಮಿಷ ತಡವಾದರೆ 1.5. ಒಟ್ಟು 93.5, ಟ್ಯಾಂಕಿನ ಎತ್ತರ 100. ಸಾಕು. ಮಾದರಿ ದೊಡ್ಡದಾದರೆ ಈ ಕೆಲಸಕ್ಕೆ ಸ್ಪೇಸ್‌ಎಕ್ಸ್ (ರಾಕೆಟ್ ಕಂಪನಿಯಲ್ಲ, ಇದೇ ಹೆಸರಿನ ಪರಿಶೀಲನಾ ಸಾಫ್ಟ್‌ವೇರ್), ಕೋರಾದಂಥ ಉಪಕರಣಗಳಿವೆ.

ಹಂತ 10: ಮೋಟರಿಗೆ ಜೋಡಿಸುವುದು

230 ಅಥವಾ 415 ವೋಲ್ಟಿನ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೋರ್ಡಿನ ಚಿಕ್ಕ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ನಡೆಸಲಿ, ಮೋಟರನ್ನು ನೇರವಾಗಿ ಅಲ್ಲ. ಮೊದಲು ಕಾಂಟ್ಯಾಕ್ಟರಿಗೆ ಮೋಟರಿನ ಬದಲು ಬಲ್ಬು ಜೋಡಿಸಿ, ಒಂದು ಪೂರ್ತಿ ದಿನ ಮೋಟರನ್ನು ಕೈಯಿಂದ ನಡೆಸುತ್ತ ಬಲ್ಬು ಸರಿಯಾದ ಹೊತ್ತಿಗೆ ಉರಿಯುತ್ತದೆಯೇ ನೋಡಿ.

ಆಮೇಲೆ ಬೇಕೆಂದೇ ಕಾಡಿಸಿ. ತುಂಬುತ್ತಿರುವಾಗ ಎಂಸಿಬಿ ಇಳಿಸಿ, ಹತ್ತು ಸೆಕೆಂಡಿಗೆ ಮತ್ತೆ ಏರಿಸಿ: 5 ನಿಮಿಷ ಕಾಯಬೇಕು. ಮಟ್ಟದ ಸೆನ್ಸರಿನ ತಂತಿ ಕಳಚಿ: ಮೋಟರ್ ನಿಲ್ಲಬೇಕು, ‘ಟ್ಯಾಂಕು ಖಾಲಿ’ ಎಂದುಕೊಂಡು ಓಡುತ್ತಲೇ ಇರಬಾರದು. ಬಲ್ಬು ಜೋಡಿಸಿರುವಾಗಲೇ ಮೋಟರ್ ಹಾಕದೆ ಬಿಡಿ: 5 ನಿಮಿಷಕ್ಕೆ ದೋಷ ಮೋಡಿಗೆ ಬಂದು ಬಲ್ಬು ಆರಬೇಕು.

ಪ್ರತಿ ದಾಟುವಿಕೆಯನ್ನೂ ಸಮಯ, ಮಟ್ಟ, ಹಳೆಯ ಮೋಡ್, ಹೊಸ ಮೋಡ್ ಸಮೇತ ದಾಖಲಿಸುವಂತೆ ಕೋಡ್ ಬರೆಯಿರಿ. ಸುತ್ತು 80 ನಿಮಿಷಕ್ಕಿಂತ ಚಿಕ್ಕದಾಗಿ ಕಂಡರೆ ಸೆನ್ಸರ್ ಓಲಾಡುತ್ತಿದೆ, ಇಲ್ಲವೇ ಸಂಪು ಮಧ್ಯೆ ಮಧ್ಯೆ ಖಾಲಿಯಾಗುತ್ತಿದೆ; ಹಳೆಯ ಮೋಡ್ ಯಾವುದು ಎಂದು ನೋಡಿದರೆ ಕಾರಣ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ. ತುಂಬುವ ಸಮಯ ವಾರದಿಂದ ವಾರಕ್ಕೆ ಉದ್ದವಾಗುತ್ತಿದ್ದರೆ ಫೂಟ್ ವಾಲ್ವಿನಲ್ಲಿ ಕಸ ಕಟ್ಟಿದೆಯೇ ನೋಡಿಸಿ. ರಾತ್ರಿ ಯಾರೂ ನೀರು ಬಳಸದ ಹೊತ್ತಿನಲ್ಲೂ ಮೋಟರ್ ಹೊತ್ತುತ್ತಿದ್ದರೆ ಎಲ್ಲೋ ನೀರು ಸೋರುತ್ತಿದೆ ಅಥವಾ ಪೈಪಿನ ಮೂಲಕ ಸಂಪಿಗೇ ಹಿಂದಿರುಗುತ್ತಿದೆ. ಕಂಟ್ರೋಲರಿನ ಗೆರೆಗಳನ್ನು ಮುಟ್ಟದೆ ಪ್ಲಂಬರನ್ನು ಕರೆಸಿ.